ಬೆಚ್ಚಗಿದ್ದ ಪ್ಲಗ್ಗುಗಳು

ಚಳಿಗಾಲದ ಕತ್ತಲೆ ಕಳೆದು ಸೂರ್ಯ ಮರಳಿದ ಮೇಲೆ, ಕಡಲಿನ ಮಂಜುಗಡ್ಡೆಯ ಮೇಲಿನ ಉಪ್ಪು ಹಿಮದಿಂದ ಬ್ರೋಮಿನ್ ಏಳುತ್ತದೆ. ಅದು ಗಾಳಿಯಲ್ಲಿರುವ ಓಝೋನನ್ನು ತಿಂದುಹಾಕುತ್ತದೆ. ಅದನ್ನು ಅಳೆಯಲೆಂದೇ ವಿಜ್ಞಾನಿ ಹೆಲ್ಗಾ ಉತ್ತರ ಧ್ರುವದ ಕಡೆಯ ನಮ್ಮ ಊರು ಉತ್ಕಿಯಾಗ್ವಿಕ್‌ಗೆ ಬಂದಿದ್ದಳು. ಮಂಜುಗಡ್ಡೆಯ ಮೇಲಿದ್ದ ಅವಳ ಗುಡಿಸಲಿನಲ್ಲಿ ಹಿಮ ಕರಗಿಸಿ ಕಾಫಿ ಕಾಯಿಸುವುದು ನನ್ನ ಕೆಲಸ. ಬಂದೂಕು ಹಿಡಿದು ಕರಡಿ ಕಾಯುವುದು ಅಣ್ಣ ಕಾಯಾನನದು.

ಆ ಬೆಳಿಗ್ಗೆ ಪರದೆಯ ಮೇಲೆ ಓಝೋನಿನ ಗೆರೆ ಸೊನ್ನೆಗೆ ಬಿತ್ತು. ಹೆಲ್ಗಾ ಖುಷಿಪಡಲಿಲ್ಲ.

"ಬ್ರೋಮಿನ್ ಏರಿರೋದು ಇಷ್ಟೇ ಇಷ್ಟು. ಉಳಿದ ಓಝೋನನ್ನ ಯಾರು ತಿಂದ್ರು?"

ಅಣ್ಣ ಓಡಿಸುವ ಹಿಮಗಾಡಿಯ ಎಂಜಿನ್ ಹೊಗೆಯೂ ಓಝೋನನ್ನು ತಿನ್ನುತ್ತದೆ. ಹೊಗೆ ಪತ್ತೆಹಚ್ಚುವ ಪೆಟ್ಟಿಗೆ ಚಳಿಗೆ ಕೆಟ್ಟು ಕೂತಿತ್ತು.

ನನಗೂ ಅಣ್ಣನ ಮೇಲೆ ಅನುಮಾನವಿತ್ತು. ಮಂಜುಗಡ್ಡೆಯ ಮೇಲೆ ನಮ್ಮವರು ಹಳೇ ಗಾಡಿಯ ಎಂಜಿನ್ ಆರಿಸುವುದಿಲ್ಲ. ಆರಿಸಿದರೆ ಮತ್ತೆ ಹೊತ್ತೀತೆಂಬ ಭರವಸೆಯಿಲ್ಲ. ಆರಿಸಿಡು ಎಂದು ಹೆಲ್ಗಾ ಹೇಳಿದಾಗ ಅವನು ನಕ್ಕಿದ್ದ. "ಕರಡಿ ಬಂದ್ರೆ ಓಝೋನ್ ತೋರ್ಸಿ ಓಡಿಸ್ಲಾ?" ಆ ದಿನ ಅವನ ತುಪ್ಪಳದ ಅಂಗಿ ಎದೆಯ ಹತ್ತಿರ ಉಬ್ಬಿತ್ತು. ಏನೆಂದು ಕೇಳಿದ್ದಕ್ಕೆ "ನಿಂಗ್ಯಾಕೆ?" ಎಂದಿದ್ದ. ಹಿಮ ತರುವ ನೆಪದಲ್ಲಿ ನಾನು ಹಿಮದಿಬ್ಬದಾಚೆ ನಿಲ್ಲಿಸಿದ್ದ ಗಾಡಿಯನ್ನು ನೋಡಿ ಬಂದಿದ್ದೆ.

"ಪಾನಿಕ್, ನಿಜ ಹೇಳು," ಎಂದು ಹೆಲ್ಗಾ ನನ್ನತ್ತ ತಿರುಗಿದಳು. "ನಿಮ್ಮಣ್ಣ ಎಂಜಿನ್ ಆರಿಸಿದ್ನಾ? ಆರಿಸಿಲ್ಲಾಂದ್ರೆ ನಾಳೆಯಿಂದ ಕಾವಲಿಗೆ ಬೇರೆಯವರನ್ನ ಕರೀತೀನಿ."

ನಾನು ಹುಬ್ಬು ಏರಿಸಿದೆ. ನಮ್ಮಲ್ಲಿ ಹೌದು ಅನ್ನುವುದು ಹಾಗೆಯೇ.

"ನೋಡು, ನಿಂಗೇ ಆಶ್ಚರ್ಯ ಆಗ್ತಿದೆ. ನಿಂಗೂ ನಂಬಿಕೆಯಿಲ್ಲ," ಎಂದು ಅವಳು ಬಾಗಿಲು ತೆರೆದು ಕಾಯಾನನನ್ನು ಒಳಗೆ ಕರೆದಳು.

ವಿಷಯ ಕೇಳಿ ಅವನು ಎದೆಯೊಳಗಿಂದ ಉಣ್ಣೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಮಸಿ ಹಿಡಿದ ಸ್ಪಾರ್ಕ್ ಪ್ಲಗ್ಗುಗಳು.

"ಇವಿಲ್ದೆ ಎಂಜಿನ್ ಓಡುತ್ತಾ? ಬೆಚ್ಚಗಿಟ್ಕೊಂಡ್ರೆ ಮತ್ತೆ ಹೊತ್ತುತ್ತೆ ಅಂತ ಇಟ್ಕೊಂಡಿದೀನಿ."

ಹೆಲ್ಗಾ ಒಂದನ್ನು ಅಂಗೈಯಲ್ಲಿ ಹಿಡಿದಳು. "ಬಿಸಿ ಇದೆ. ಈಗ ತಾನೆ ಬಿಚ್ಚಿದ್ದಲ್ವಾ?"

"ನನ್ನ ಮೈಬಿಸಿ ಅದು. ಹೆಂಡ್ತಿ ಕೂಡ ಇಷ್ಟೊಂದು ಅನುಮಾನ ಪಡಲ್ಲ."

ಹೆಲ್ಗಾ ನಗಲಿಲ್ಲ. ಕಾವಲಿನವರ ಹೆಸರು ಬರೆದ ಹಲಗೆಯತ್ತ ತಿರುಗಿದಳು.

"ಗಾಡಿ ಮೇಲೆ ಮಂಜು ಹೆಪ್ಪುಗಟ್ಟಿದೆ," ಎಂದೆ. "ಎಂಜಿನ್ನೂ ತಣ್ಣಗಿದೆ. ನಾನು ಮುಟ್ಟಿ ನೋಡಿದೀನಿ."

ಹೆಲ್ಗಾ ಹೊರಗೆ ಹೋದಳು. ಕಾಯಾನ್ ನನ್ನನ್ನೇ ನೋಡಿದ.

"ನೀನೂ ನೋಡಕ್ಕೆ ಹೋಗಿದ್ಯಾ?"

ನಾನು ಕಾಫಿ ಪಾತ್ರೆಯ ಕಡೆ ತಿರುಗಿದೆ.

ಹೆಲ್ಗಾ ಮರಳಿದಾಗ ಅವಳ ಬೆರಳುಗಳು ಚಳಿಗೆ ಕೆಂಪಾಗಿದ್ದವು. ಹಲಗೆಯಲ್ಲಿ ಅಣ್ಣನ ಹೆಸರು ಹಾಗೇ ಉಳಿಯಿತು, ಓಝೋನನ್ನು ತಿಂದವರು ಯಾರೆಂಬ ಪ್ರಶ್ನೆಯೂ. ಆದರೆ ದಿನವೂ ಅಳತೆ ನೋಡುವ ಮುನ್ನ ಅವಳು ಕೈಗವಸು ಕಳಚಿ ಅಣ್ಣನ ಗಾಡಿಯನ್ನು ಮುಟ್ಟಿ ನೋಡುತ್ತಿದ್ದಳು. ಅವಳಿಗಿಂತ ಮುಂಚೆ ನಾನು ಮುಟ್ಟಿರುತ್ತಿದ್ದೆ.