ರಸಮಟ್ಟ ಒಪ್ಪಿದ ದಾರಿ

ಒಂದಾನೊಂದು ಕಾಲದಲ್ಲಿ, ಒಂದೂರಿನಲ್ಲಿ, ಒಂದು ದಾರಿ ಕೆಲಸ ಕಳೆದುಕೊಂಡು ಮನೆಗಳ ಬೆನ್ನ ಹಿಂದೆ ಸುಮ್ಮನೆ ಮಲಗಿತ್ತು.

ಅದು ರೈಲುದಾರಿ. ಊರಾಚೆ ಹೊಸ ಹಳಿ ಬಂದ ಮೇಲೆ ರೈಲು ಇತ್ತ ತಿರುಗಿಯೂ ನೋಡಲಿಲ್ಲ. ಹಳೆಯ ಕಬ್ಬಿಣವನ್ನು ಇಲಾಖೆಯವರು ಕಿತ್ತು ಒಯ್ದರು. ಉಳಿದದ್ದು ಜಲ್ಲಿ, ಜಲ್ಲಿಯ ಮೇಲೆ ಮುಳ್ಳುಗಿಡ, ಮುಳ್ಳುಗಿಡದ ಮೇಲೆ ಒಂಬತ್ತು ಮನೆಯವರು ಎಸೆದ ಬೇಡದ ಸಾಮಾನು. ಮುರಿದ ಕುರ್ಚಿ, ಒಡೆದ ಬಕೆಟ್ಟು, ಜೊತೆ ತಪ್ಪಿದ ಚಪ್ಪಲಿ. ಆದರೂ ದಾರಿ ಯಾರ ಮೇಲೂ ಮುನಿಸಿಕೊಳ್ಳಲಿಲ್ಲವಂತೆ. ಯಾರಾದರೂ ನಡೆದಾರು ಎಂದು ಕಾಯುತ್ತಿತ್ತಂತೆ.

ಒಂಬತ್ತನೆಯ ಮನೆ ಬಡಗಿಯದು. ಕೈ ಚಿನ್ನದಂಥದು, ಮಾತು ಮಾತ್ರ ಯಾವಾಗಲೂ ನಾಳೆ. ಮೇಜು ಯಾವಾಗ? ನಾಳೆ. ಕಿಟಕಿ ಯಾವಾಗ? ನಾಳೆ. ಹೀಗಾಗಿ ಊರಿಗೆಲ್ಲ ಅವನು ನಾಳೆ ಮೇಸ್ತ್ರಿ. ಹಿತ್ತಿಲ ಗೋಡೆಯಾಚೆ, ಆ ರೈಲುದಾರಿಯ ಮೇಲೆಯೇ, ತಗಡಿನ ಚಪ್ಪರ ಹಾಕಿ ಹಲಗೆ ಪೇರಿಸಿಟ್ಟಿದ್ದ. ಮರ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು, ಇಲ್ಲದಿದ್ದರೆ ಮಾಡಿದ ಬಾಗಿಲು ಸೊಟ್ಟಗಾಗುತ್ತದೆ. ಅಲ್ಲಿಗೆ ಹೋಗಲು ಗೋಡೆಗೆ ಏಣಿ ಒರಗಿಸಿಕೊಂಡಿದ್ದ.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ನಲವತ್ತಾರಕ್ಕೇ ಸಕ್ಕರೆ ಕಾಯಿಲೆ ಬಂದು, ಪಾದ ಜುಮ್ಮೆನ್ನಲು ಶುರುವಾಗಿತ್ತು. "ಮಾತ್ರೆ ತಪ್ಪಿಸಬೇಡಿ, ದಿನಾ ಅರ್ಧ ಗಂಟೆ ನಡೀರಿ," ಎಂದಿದ್ದಳು ಆಸ್ಪತ್ರೆಯ ನರ್ಸಮ್ಮ. ನಡೆಯುವುದೆಲ್ಲಿ? ಮುಂಬಾಗಿಲು ದಾಟಿದರೆ ಲಾರಿ ರಸ್ತೆ. ಮೊದಲ ದಿನವೇ ಲಾರಿಯೊಂದು ಅವಳ ತೋಳು ಸವರಿಕೊಂಡು ಹೋಯಿತು. ಅಂದಿನಿಂದ ಅವಳ ನಡಿಗೆ ಮನೆಯೊಳಗೇ. ಅಡುಗೆಮನೆಯಿಂದ ಮುಂಬಾಗಿಲಿಗೆ ಹನ್ನೊಂದು ಹೆಜ್ಜೆ. ತಿರುಗು. ಮತ್ತೆ ಹನ್ನೊಂದು.

"ನನಗೆ ತಲೆ ಸುತ್ತುತ್ತೆ ಕಣ್ರೀ. ಗಾಣದ ಎತ್ತಾದ್ರೂ ಬಯಲಲ್ಲಿ ಸುತ್ತುತ್ತೆ," ಎಂದು ಒಂದು ದಿನ ಕುಳಿತುಬಿಟ್ಟಳು. ಬಡಗಿ ಮರ ನುಣುಪು ಮಾಡುವ ಉಜ್ಜುಗೊರಡು ತಳ್ಳುತ್ತಲೇ ಕೇಳಿಸಿಕೊಂಡ.

ಅದೇ ವಾರ ನರ್ಸಮ್ಮ ಕಾಗದ ಹಿಡಿದು ಬಂದಳು.

"ಮೇಸ್ತ್ರಿಯಣ್ಣ, ಎಂಟು ಮನೆಯವರು ಸಹಿ ಹಾಕಿದಾರೆ. ನಿಮ್ಮದೊಂದೇ ಬಾಕಿ."

"ಎಂಥದಕ್ಕೆ?"

"ಹಿಂದಿನ ರೈಲುದಾರೀನ ನಡೆಯೋಕೆ, ಸೈಕಲ್ ತುಳಿಯೋಕೆ ಬಿಟ್ಟುಕೊಡ್ತೀವಿ ಅಂತ ಇಲಾಖೆ ಒಪ್ಪಿದೆ. ಪುರಸಭೆಯವರು ಕೆಲಸ ಮಾಡಿಸ್ತಾರೆ. ಆದ್ರೆ ಒಂಬತ್ತೂ ಮನೆಯವರು ಸಾಮಾನು ತೆಗೀತೀವಿ ಅಂತ ಬರೆದುಕೊಡಬೇಕು. ಶುಕ್ರವಾರ ಕೊನೇ ದಿನ. ತಪ್ಪಿದ್ರೆ ಈ ಯೋಜನೆ ಬೇರೆ ಊರಿಗೆ ಹೋಗುತ್ತೆ."

"ನಾಳೆ ನೋಡೋಣ ತಾಯಿ."

"ನಿಮ್ಮ ನಾಳೆ ನನಗೆ ಗೊತ್ತಿಲ್ವಾ? ನನ್ನ ಮದುವೆಗೆ ಅಂತ ಹೇಳಿದ್ದ ಕಪಾಟು ನನ್ನ ಮಗಳು ಹುಟ್ಟಿದ ಮೇಲೆ ಬಂತು!"

ಒಳಗೆ ಹೊಲಿಗೆ ಮಿಷನ್ನು ಗಕ್ಕನೆ ನಿಂತು, ನಗು ಕೇಳಿಸಿತು. ಬಡಗಿಗೆ ಮುಜುಗರವಾಯಿತು. "ಕಳ್ಳರಿಗೆ ರಾಜಬೀದಿ ಮಾಡಿಕೊಡೋಣ ಅಂತೀರಾ?" ಎಂದ.

"ಈಗ ಆ ಪೊದೇಲಿ ಯಾರು ಅಡಗಿ ಕೂತ್ರೂ ಯಾರಿಗೂ ಕಾಣಲ್ಲ. ಜನ ಓಡಾಡೋ ಕಡೆ ಹತ್ತು ಕಣ್ಣಿರುತ್ತೆ, ದೀಪ ಇರುತ್ತೆ. ಕಳ್ಳನಿಗೆ ಯಾವುದು ಇಷ್ಟ, ನೀವೇ ಹೇಳಿ."

"ಬೈಕಿನವರು ನುಗ್ಗಿದ್ರೆ?"

"ರಸ್ತೆ ಸೇರೋ ಕಡೆ ಕಂಬ ನೆಡ್ತಾರೆ. ಅದನ್ನೂ ದಾಟಿ ಬಂದ್ರೆ ಕಿವಿ ಹಿಂಡೋಕೆ ಈ ದಾರಿಗೆ ಅಂತಲೇ ನಾವು ಕಟ್ಟಿರೋ ಸಮಿತಿ ಇದೆ."

"ಅದೆಲ್ಲ ಸರಿ. ಇವಳಿಗೆ ಮಂಡಿನೋವು ಬೇರೆ. ಆ ಏರು ತಗ್ಗಲ್ಲಿ ನಡೆದ ಹಾಗೇ!"

ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏರು ತಗ್ಗಾ? ಅಣ್ಣ, ನಮ್ಮಪ್ಪ ಇದೇ ಹಳಿ ಮೇಲೆ ಗ್ಯಾಂಗ್‌ಮನ್ ಆಗಿದ್ರು. ರೈಲಿನಂಥ ಸೋಮಾರಿ ಇನ್ನೊಂದಿಲ್ಲ ಅಂತಿದ್ರು. ಏರು ಕಂಡ್ರೆ ಏದುಸಿರು ಬಿಡುತ್ತಂತೆ. ಅದಕ್ಕೇ ಹಿಂದಿನವರು ದಿಬ್ಬ ಕಡಿದು, ಹಳ್ಳ ತುಂಬಿ, ಅದಕ್ಕೆ ಮಟ್ಟಸವಾದ ದಾರಿ ಮಾಡಿಕೊಟ್ರು. ಮಂಡಿನೋವಿನವರಿಗೆ, ಗಾಲಿಕುರ್ಚಿಯವರಿಗೆ, ಈಗಷ್ಟೇ ಸೈಕಲ್ ಕಲಿತ ಮಕ್ಕಳಿಗೆ ಇದಕ್ಕಿಂತ ಒಳ್ಳೇ ದಾರಿ ಬೇಕಾ?"

"ಮಾತು ಬೇಡ. ನನ್ನ ರಸಮಟ್ಟನ ಕೇಳೋಣ. ಅದು ಯಾರ ಪಕ್ಷಾನೂ ವಹಿಸಲ್ಲ."

ರಸಮಟ್ಟ ಎಂದರೆ ಮೊಳದುದ್ದದ ಕೋಲು, ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ರಸ, ರಸದಲ್ಲೊಂದು ಗುಳ್ಳೆ. ನೆಲ ಮಟ್ಟಸವಾಗಿದ್ದರೆ ಗುಳ್ಳೆ ನಡುವೆ ನಿಲ್ಲುತ್ತದೆ, ವಾಲಿದ್ದರೆ ಪಕ್ಕಕ್ಕೆ ಓಡುತ್ತದೆ. ಬಡಗಿ ಅದನ್ನೂ ಎಂಟಡಿಯ ಒಂದು ನೇರ ಹಲಗೆಯನ್ನೂ ಹಿಡಿದು ಏಣಿ ಹತ್ತಿ ಆಚೆ ಇಳಿದ. ಕುರುಚಲು ಸರಿಸಿ, ಜಲ್ಲಿಯನ್ನು ಕಾಲಿನಿಂದ ಸವರಿ, ಹಲಗೆ ಹಾಸಿ, ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಡುವೆ ನಿಂತಿತು. ಇಪ್ಪತ್ತು ಮಾರು ಮುಂದೆ ಹೋಗಿ ಇಟ್ಟ. ಅಲ್ಲೂ ನಡುವೆಯೇ. ತುದಿ ತಿರುವಿ ಇಟ್ಟ. ಉಗುರಿನಿಂದ ತಟ್ಟಿದ. ಗುಳ್ಳೆ ಮಿಸುಕಲಿಲ್ಲ.

"ಇದು ಕೆಟ್ಟಿರಬೇಕು," ಎಂದು ಗೊಣಗಿದ.

ಹೆಂಡತಿ ಅಷ್ಟರಲ್ಲಿ ಸ್ಟೂಲು ಹತ್ತಿ ಗೋಡೆಯ ಮೇಲಿಂದ ಮುಖ ತೋರಿಸಿದ್ದಳು. "ಮೂವತ್ತು ವರ್ಷದಿಂದ ಊರವರ ಬಾಗಿಲೆಲ್ಲ ಅದರ ಮಾತು ಕೇಳೇ ನಿಲ್ಲಿಸಿದೀರಿ. ಇವತ್ತೊಂದು ದಿನ ಕೆಟ್ಟುಹೋಯ್ತಾ?" ಎಂದು ಕೆಣಕಿದವಳು, ಕತ್ತು ಚಾಚಿ ಮೆಲ್ಲಗೆ ಕೇಳಿದಳು. "ಅಲ್ಲಿಂದ ಎಷ್ಟು ದೂರ ಕಾಣುತ್ತೆ?"

ಬಡಗಿ ತಲೆಯೆತ್ತಿದ. ಇಷ್ಟು ವರ್ಷ ಹಲಗೆ ಎತ್ತುವಾಗ, ಇಡುವಾಗ, ಅವನು ಆ ಕಡೆ ಕಣ್ಣು ಹಾಯಿಸಿದ್ದೇ ಇಲ್ಲ. ಮುಳ್ಳುಗಿಡಗಳ ನಡುವೆ ದಾರಿ ನೆಟ್ಟಗೆ ಹೋಗಿ, ಬಹಳ ದೂರದಲ್ಲಿ ನಿಧಾನವಾಗಿ ಹೊರಳುತ್ತಿತ್ತು.

"ಹನ್ನೊಂದು ಹೆಜ್ಜೆಗಿಂತ ಜಾಸ್ತೀನೇ ಇದೆ," ಎಂದ.

ಏಣಿ ಇಳಿದು ಬಂದವನೇ ಕಾಗದಕ್ಕೆ ಸಹಿ ಹಾಕಿದ. "ಇವಳು ಲಾರಿ ರಸ್ತೆ ಸುತ್ತಿ ಹೋಗೋದು ಬೇಡ. ಹಿತ್ತಿಲ ಗೋಡೆಗೇ ಒಂದು ಬಾಗಿಲು ಮಾಡ್ತೀನಿ," ಎಂದೂ ಮಾತು ಕೊಟ್ಟ.

"ಯಾವಾಗ?" ಎಂದಳು ನರ್ಸಮ್ಮ.

ಅವನು ಬಾಯಿ ತೆರೆಯುವ ಮುಂಚೆಯೇ ಹೆಂಗಸರಿಬ್ಬರೂ ನಕ್ಕುಬಿಟ್ಟರು.

ಹಲಗೆಗೂ ಜಾಗ ಸಿಕ್ಕಿತು. ಮನೆಯ ಪಕ್ಕದ ಗೋಡೆಗೆ ಕಬ್ಬಿಣದ ತೋಳು ಹೊಡೆದು, ಸೂರಿನ ನೆರಳಲ್ಲಿ ಒಂದರ ಮೇಲೊಂದು ಮಲಗಿಸಿದ. ನೆರೆಯವರೇ ಕೈಜೋಡಿಸಿ ಹೊತ್ತರು. ನಾಲ್ಕು ತಿಂಗಳಲ್ಲಿ ಮುಳ್ಳು ಹೋಯಿತು, ಜಲ್ಲಿಯ ಮೇಲೆ ಕಲ್ಲುಪುಡಿ ಬಿತ್ತು, ರೋಲರು ಓಡಿತು, ದೀಪ ಬಂತು. ನಡೆಯುವವರು ಒಂದು ಬದಿ, ಸೈಕಲ್ಲಿನವರು ಗಂಟೆ ಬಾರಿಸಿ ನಿಧಾನವಾಗಿ ಇನ್ನೊಂದು ಬದಿ. ಮಕ್ಕಳು ಶಾಲೆಗೆ ಅಲ್ಲೇ ಹೊರಟರು.

ಬಾಗಿಲು ಮಾತ್ರ ಆಗಲಿಲ್ಲ. ಬಡಗಿ ದಿನಾ ಬೆಳಿಗ್ಗೆ ಹೆಂಡತಿಗೂ ಲಾರಿಗೂ ನಡುವೆ ತಾನು ನಿಂತು, ರಸ್ತೆ ಸುತ್ತಿ ಅವಳನ್ನು ದಾರಿಗೆ ಬಿಟ್ಟುಬರುತ್ತಿದ್ದ. ಒಂದು ಬೆಳಿಗ್ಗೆ ಅವಸರದ ಕೆಲಸವಿತ್ತು. "ಇವತ್ತೊಂದು ದಿನ ಬಿಡೇ," ಎಂದು ಉಜ್ಜುಗೊರಡು ಹಿಡಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಜ್ಜೆ ಸದ್ದು ಕೇಳಿತು. ಒಂಬತ್ತು, ಹತ್ತು, ಹನ್ನೊಂದು. ತಿರುಗು.

ಬಡಗಿ ಕೊರಡು ಕೆಳಗಿಟ್ಟ. ಸೀದಾ ಹಿತ್ತಿಲಿಗೆ ಹೋಗಿ, ಏಣಿ ಸರಿಸಿ, ಗೋಡೆಗೆ ಸುತ್ತಿಗೆ ಎತ್ತಿದ.

ಅವನು ಗೋಡೆ ಒಡೆದು ಚೌಕಟ್ಟು, ಬಾಗಿಲು ಕೂರಿಸುವಷ್ಟು ಹೊತ್ತಿದೆಯಲ್ಲ, ಅಷ್ಟರಲ್ಲಿ ನಿಮ್ಮ ಹತ್ತಿರ ಎರಡು ಮಾತು. ನಿಮ್ಮ ಮನೆಗಳ ಹಿಂದೆಯೂ ಇಂಥದೊಂದು ದಾರಿ ಮಲಗಿರಬಹುದು. ನಿಮ್ಮಷ್ಟಕ್ಕೆ ಅಗೆಯಲು ಹೋಗಬೇಡಿ. ರೈಲು ನಿಜವಾಗಿ ನಿಂತಿದೆಯೇ, ಜಾಗ ಯಾರದು ಎಂದು ಮೊದಲು ಕೇಳಿ ತಿಳಿಯಿರಿ. ಅಕ್ಕಪಕ್ಕದವರನ್ನು ಕೂಡಿಸಿ ಅರ್ಜಿ ಕೊಡಿ. ಅಲ್ಲಿ ನಿಮ್ಮ ಸಾಮಾನಿದ್ದರೆ ನೀವೇ ಮೊದಲು ಎತ್ತಿ, ಕಸ ಎಸೆಯುವುದನ್ನು ಇವತ್ತೇ ನಿಲ್ಲಿಸಿ. ದಾರಿಯಾದ ಮೇಲೆ ಅದನ್ನು ಸುಮ್ಮನೆ ಬಿಡಬೇಡಿ, ದಿನಾ ನಡೆಯಿರಿ. ನಡೆಯಲು ಅಂಜುವವರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಅಗೋ, ಸುತ್ತಿಗೆ ಸದ್ದು ನಿಂತಿತು.

ಬಾಗಿಲಿಗೆ ಇನ್ನೂ ಬಣ್ಣವಿಲ್ಲ, ಹೊಸ್ತಿಲ ಮೇಲೆಲ್ಲ ಗಾರೆಯ ಚೂರು. ಬಡಗಿ ತಲೆಯ ಧೂಳು ಕೊಡವಿಕೊಂಡು, "ಬಾರೇ ಇಲ್ಲಿ, ಆಯ್ತು," ಎಂದು ಕೂಗಿದ. ಅವಳು ಚಪ್ಪಲಿ ಮೆಟ್ಟಿ ಬಂದು, ಚಿಲಕ ಸರಿಸಿ, ದಾರಿಗಿಳಿದಳು.