ಐವತ್ತು ಮಂದಿಗೆ ಪರವಾನಗಿ

ಬೆಳಗಾದರೆ ದ್ಯಾಮಕ್ಕ ಕಟ್ಟೆಯ ಮೇಲೆ ಕೂತು ಮೊಮ್ಮಗಳು ಪುಷ್ಪಲತಾಳಿಗೆ ಎರಡು ಜಡೆ ಹೆಣೆದು ಬಿಳಿ ರಿಬ್ಬನ್ನು ಕಟ್ಟುತ್ತಿದ್ದಳು. ಕೊರೋನಾ ಬಂದು ಶಾಲೆ ಮುಚ್ಚಿತು, ರಿಬ್ಬನ್ನು ಗೂಟ ಸೇರಿತು, ಮುದುಕಿಯ ತಲೆಗೆ ಮದುವೆಯ ಯೋಚನೆ ಹೊಕ್ಕಿತು. ಕೊಟ್ಟೂರು ಕಡೆಯ ಗಾಳೆಪ್ಪ ಗಂಡು.

"ಯರ್ರೆಪ್ಪ, ಈಗ್ಲೇ ಮುಗಿಸಿಬಿಡೋಣಲೇ," ಎಂದಳು ಮಗನಿಗೆ. "ಐವತ್ತು ಮಂದಿ ಮ್ಯಾಲೆ ಕರಿಬ್ಯಾಡ್ರಿ ಅಂತ ಸರ್ಕಾರನ ಹೇಳೈತಿ. ಕರೀಲಿಲ್ಲ ಅಂತ ಯಾರೂ ಮುನಿಯಂಗಿಲ್ಲ."

ಶಾಲೆಯ ಅಕ್ಕಿ ಹಂಚಲು ಬಂದಿದ್ದ ಕೊಟ್ರಬಸಮ್ಮ ಟೀಚರಿಗೆ ತಡೆಯಲಾಗಲಿಲ್ಲ.

"ಅಜ್ಜೀ, ಆಕಿಗಿನ್ನೂ ಹದಿನಾಲ್ಕು. ಮೈ ಬಲಿತಿಲ್ಲ, ಹೆರಿಗ್ಯಾಗ ಜೀವಾನೇ ಹೋದೀತು."

"ನನ್ನ ಮದಿವ್ಯಾದಾಗ ಹನ್ನೊಂದ್ರೀ ಟೀಚರ್ರ. ಏಳು ಹಡದೀನಿ. ಸತ್ತೀನೇನು?"

"ಏಳರಾಗ ಉಳಿದಾವೆಷ್ಟು?"

ದ್ಯಾಮಕ್ಕ ಎಲೆ-ಅಡಿಕೆ ಬಾಯಿಗಿಟ್ಟು ಅತ್ತ ತಿರುಗಿದಳು. ಉಳಿದವನು ಯರ್ರೆಪ್ಪ ಒಬ್ಬನೇ.

ಮದುವೆ ತಡೆಯಿರೆಂದು ಟೀಚರು ತಾಲ್ಲೂಕು ಕಚೇರಿಗೆ ಫೋನು ಮಾಡಿದರು. ಸಾಹೇಬರೆಲ್ಲ ಕೊರೋನಾ ಡ್ಯೂಟಿ. ಮದುವೆಯ ಪರವಾನಗಿ ಚೀಟಿ ಮಾತ್ರ ಮೊಹರು ಬಿದ್ದು ಬಂತು. ಮಂದಿ ಎಷ್ಟು ಎಂದು ಕೇಳಿದ್ದ ಆ ಚೀಟಿ ಹೆಣ್ಣಿಗೆ ವಯಸ್ಸೆಷ್ಟು ಎಂದು ಕೇಳಿರಲಿಲ್ಲ. ಮದುವೆಗೆ ಬಂದ ಪೊಲೀಸರು ತಲೆ ಎಣಿಸಿದರು, ಸನಾದಿ ಊದಲು ಮಾಸ್ಕ್ ಇಳಿಸಿದ್ದವನ ಬೆನ್ನಿಗೆ ಲಾಠಿ ಬೀಸಿ ಹೋದರು. ಮದುಮಗಳ ಮಾಸ್ಕ್ ಕಣ್ಣಿನವರೆಗೂ ಏರಿತ್ತು. ಏರಿಸಿದವಳು ದ್ಯಾಮಕ್ಕನೇ.

ಮರುವರ್ಷ ಮತ್ತೆ ಲಾಕ್‌ಡೌನ್. ಪುಷ್ಪಲತಾಳಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಸಿಗಲಿಲ್ಲ. ಟೆಂಪೋದಲ್ಲಿ ಹೊರಟರೆ ಚೆಕ್‌ಪೋಸ್ಟಿನಲ್ಲಿ ತಡೆದರು, "ಪಾಸ್ ಎಲ್ಲೈತಿ?" ಮದುವೆಗೆ ಸಿಕ್ಕ ಪರವಾನಗಿ ಹೆರಿಗೆಗೆ ಇರಲಿಲ್ಲ. ಕೂಸು ಟೆಂಪೋದಲ್ಲೇ ಹುಟ್ಟಿತು. ರಕ್ತ ನಿಲ್ಲಲಿಲ್ಲ. "ಅಜ್ಜೀ, ಚಳಿ ಚಳಿ," ಎನ್ನುತ್ತಾ ಹುಡುಗಿ ಅಜ್ಜಿಯ ತೊಡೆಯ ಮೇಲೇ ತಣ್ಣಗಾದಳು.

ತಿಂಗಳಾಗಲಿಲ್ಲ, ಬೀಗರು ಬಂದರು. "ಕೂಸಿಗೆ ತಾಯಿ ಬೇಕಲ್ರೀ. ತಂಗೀನ ಕೊಡ್ರಿ." ರೇಣುಕಾಳಿಗೆ ಹದಿಮೂರು. ಯರ್ರೆಪ್ಪ ಹೂಂ ಎಂದು ತಲೆಯಾಡಿಸಿದ. ದ್ಯಾಮಕ್ಕ ಗೂಟದಲ್ಲಿದ್ದ ರಿಬ್ಬನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮತ್ತದೇ ಚೀಟಿ, ಅದೇ ಗಾಳೆಪ್ಪ. ಪೊಲೀಸಪ್ಪ ಎಣಿಸಿ, "ಮೂವತ್ತೆಂಟು. ಸರಿ ಐತಿ," ಎಂದು ಹೊರಟ. ದ್ಯಾಮಕ್ಕ ಅವನ ತೋಳು ಹಿಡಿದಳು.

"ತಲಿ ಎಣಿಸಿದ್ರಿ ಸಾಹೇಬ್ರ, ಮಕ ನೋಡ್ಲಿಲ್ಲ." ರೇಣುಕಾಳ ಮಾಸ್ಕ್ ಕಿತ್ತಳು. ಅರಿಶಿನ ಮೆತ್ತಿದ ಪುಟ್ಟ ಮುಖ ಹೊರಬಿತ್ತು.

"ಅವ್ವಾ, ಮರ್ಯಾದಿ ಹೋತು!" ಎಂದ ಯರ್ರೆಪ್ಪ.

"ಹೋಗ್ಲಿ ಬಿಡಲೇ. ಹೋಗಬಾರದ್ದು ಹೋಗೈತಿ." ಪೊಲೀಸಪ್ಪನತ್ತ ತಿರುಗಿದಳು. "ಈಕಿಗೆ ಹದಿಮೂರು, ಬರ್ಕಳ್ರಿ. ಈಕಿ ಅಕ್ಕನ ಮದಿವಿ ಮಾಡ್ಸಿದಾಕಿ ನಾನು, ನನ್ನ ಹೆಸರೂ ಬರ್ಕಳ್ರಿ. ಅದಕ್ಕೂ ಮೊದ್ಲು ಪುಷ್ಪಲತಾ ಅಂತ ಬರೀರಿ."