ಹಾಸಿನ ಮೊದಲ ಸೀರೆ

ನನ್ನ ಗಂಡ ಯೋಗಾನಂದ ಕೆರೆಯ ಪಾಚಿಯ ಮೇಲೆ ಪಿಎಚ್.ಡಿ. ಮಾಡಿದವರು. ನಮ್ಮ ಮದುವೆ ಗೊತ್ತಾದಾಗ ನಮ್ಮಪ್ಪ, "ಡಾಕ್ಟರೇಟ್ ಆಗಿದೆ, ಇವತ್ತಲ್ಲ ನಾಳೆ ಲೆಕ್ಚರರ್ ಆಗ್ತಾರೆ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಆ ನಾಳೆ ಬರಲೇ ಇಲ್ಲ. ತೊಂಬತ್ಮೂರನೇ ಇಸವಿಯಲ್ಲೂ ಅವರು ದೇವನಹಳ್ಳಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದರು. ಬೇಸಿಗೆ ರಜೆ ಬಂದರೆ ಸಂಬಳಕ್ಕೂ ರಜೆ. ಅದೇ ಗೈಡ್ ಕೈಕೆಳಗೆ ಓದಿದವರಲ್ಲಿ ಒಬ್ಬರು ವಿಮಾ ಕಚೇರಿ ಸೇರಿದ್ದರು, ಇನ್ನೊಬ್ಬರು ಔಷಧಿ ಕಂಪನಿಯ ಚೀಲ ಹಿಡಿದು ಆಸ್ಪತ್ರೆಗಳ ಬಾಗಿಲಲ್ಲಿ ಕಾಯುತ್ತಿದ್ದರು. ಪಾಚಿಯನ್ನು ಬಿಡದವರು ನಮ್ಮವರೊಬ್ಬರೇ. ನನಗೆ ಅದರ ಮೇಲೆ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು.

ಆ ವರ್ಷ ಅದೇ ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆ ಬಂತು. ವಯಸ್ಸಿನ ಮಿತಿ ದಾಟಲು ಇವರಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ಸಂದರ್ಶನಕ್ಕೆ ಬೆಂಗಳೂರಿನಿಂದ ಲಕ್ಷ್ಮೀದೇವಮ್ಮ ಎಂಬ ಪ್ರೊಫೆಸರ್ ಬರುತ್ತಾರೆಂದು ತಿಳಿದಾಗ ಇವರ ಮುಖ ಅರಳಿತು.

"ನನ್ನ ಥೀಸಿಸ್ ಪೂರ್ತಿ ಓದಿರೋರು ಅವರೊಬ್ರೇ ಕಣೇ ವಾಣಿ" ಎಂದರು. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ನಮ್ಮ ಮಾವ ರಾಮಾಂಜಿನಪ್ಪನವರು ಅದನ್ನು ಕೇಳಿಸಿಕೊಂಡರು.

ದೊಡ್ಡಬಳ್ಳಾಪುರದಲ್ಲಿ ಮಾವನವರದು ನಾಲ್ಕು ಪವರ್‌ಲೂಮ್ ಮಗ್ಗ. ಅವರದೊಂದು ಪದ್ಧತಿ. ಮಗ್ಗಕ್ಕೆ ಹೊಸ ಹಾಸು, ಅಂದರೆ ಹಲವು ಸೀರೆಗಳಿಗಾಗುವ ಉದ್ದೆಳೆಯ ನೂಲು, ಏರಿಸಿದಾಗ ಇಳಿಯುವ ಮೊದಲ ಸೀರೆಯನ್ನು ಮಾರುತ್ತಿರಲಿಲ್ಲ. ದೊಡ್ಡವರು ಅನ್ನಿಸಿದ ಒಬ್ಬ ಹೆಣ್ಣುಮಗಳಿಗೆ ಅರಿಶಿನ ಕುಂಕುಮದ ಜೊತೆ ಅದನ್ನು ಕೊಟ್ಟ ಮೇಲೆಯೇ ಮಿಕ್ಕ ಸೀರೆಗಳು ಅಂಗಡಿಗೆ ಹೋಗಬೇಕು. ಮಗನ ಓದನ್ನು ಪೂರ್ತಿ ಬಲ್ಲ ಹೆಂಗಸಿಗಿಂತ ದೊಡ್ಡವರು ಇನ್ಯಾರು? ನಮಗೊಂದು ಮಾತೂ ಹೇಳದೆ ರೈಲು ಹತ್ತಿ, ವಿಳಾಸ ಕೇಳಿಕೊಂಡು ಹೋಗಿ, ಪ್ರೊಫೆಸರ್ ಮನೆಯಲ್ಲಿಲ್ಲದ ಕಾರಣ ಅವರ ಅತ್ತೆಯ ಕೈಗೆ ಸೀರೆ ಕೊಟ್ಟು, "ಯೋಗಾನಂದನ ತಂದೆ ಬಂದಿದ್ರು ಅಂತ ಹೇಳಿ" ಎಂದು ಬಂದುಬಿಟ್ಟಿದ್ದರು.

ಸಂದರ್ಶನದ ದಿನ ಲಕ್ಷ್ಮೀದೇವಮ್ಮನವರು ಆ ಸೀರೆಯನ್ನು ಮೇಜಿನ ಮೇಲಿಟ್ಟರಂತೆ. "ನಿಮ್ಮ ತಂದೆ ಇದನ್ನ ನಮ್ಮನೇಲಿ ಕೊಟ್ಟು ಹೋಗಿದಾರೆ. ಇನ್ಮೇಲೆ ನಿಮ್ಮ ವಿಷಯದಲ್ಲಿ ನಾನು ಮಾತಾಡಿದ್ರೆ ತಪ್ಪಾಗತ್ತೆ" ಎಂದು ಎದ್ದು ಹೊರಗೆ ಹೋದರಂತೆ. ಉಳಿದವರಿಗೆ ಪಾಚಿಯ ಗಂಧಗಾಳಿಯೂ ಇರಲಿಲ್ಲ. ಕೆಲಸ ಕಾಲೇಜಿನ ಕಾರ್ಯದರ್ಶಿಯ ಷಡ್ಡಕನ ಮಗನಿಗೆ ಹೋಯಿತು.

ಇವರು ಮನೆಗೆ ಬಂದವರೇ ಸೀರೆಯನ್ನು ನನ್ನ ಟ್ರಂಕಿನ ತಳಕ್ಕೆ ಹಾಕಿ, "ಪೋಸ್ಟೇ ಕ್ಯಾನ್ಸಲ್ ಆಯ್ತಪ್ಪ" ಎಂದು ಮಾವನಿಗೆ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅವರನ್ನು ಹಿತ್ತಲಿಗೆ ಕರೆದು, "ನಿಜ ಹೇಳೋಕೆ ಏನು ಕಷ್ಟ?" ಎಂದೆ.

"ಮರ್ಯಾದೆಗೆ ಕೊಟ್ಟಿದ್ದನ್ನ ಲಂಚ ಅಂದ್ರು ಅಂತ ಹೇಳ್ಲಾ? ನನ್ನ ಕೈಲಾಗಲ್ಲ ಕಣೇ" ಎಂದು ಮುಖ ತಿರುಗಿಸಿಕೊಂಡರು. ನಾನೂ ಸುಮ್ಮನಾದೆ.

ಮರುವರ್ಷ ಹೊಸಕೋಟೆ ಕಡೆಯ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಇದು ತಪ್ಪಿದರೆ ವಯಸ್ಸು ಮೀರುತ್ತಿತ್ತು. ಕರೆ ಬಂದ ಮರುದಿನ ಬೆಳಗ್ಗೆ ಕಾಫಿ ಕೊಡಲು ಮಗ್ಗದ ಮನೆಗೆ ಹೋದಾಗ ಮಾವ ಖುಷಿಯಲ್ಲಿದ್ದರು.

"ಈ ಸಲ ಬೆಂಗಳೂರಿಂದ ಯಾರು ಬರ್ತಾರಂತೆ, ವಸಿ ಕೇಳಿ ಹೇಳಮ್ಮ. ಹೊಸ ಹಾಸು ಏರ್ಸಿದೀನಿ. ಹೋದ್ಸಲ ಪೋಸ್ಟೇ ಇಲ್ದಂಗಾಯ್ತು, ಪಾಪ, ಆಯಮ್ಮ ತಾನೇ ಏನ್ಮಾಡ್ತಾರೆ."

ಇನ್ನು ಸುಮ್ಮನಿದ್ದರೆ ಆಗುವುದಿಲ್ಲವೆಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೆಂದು ಅವರು ಮಗ್ಗಗಳನ್ನು ನಿಲ್ಲಿಸಿದರು. ಇನ್ನೊಂದು ಸಲ ಹೇಳಬೇಕಾಯಿತು. ಅದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು.

"ನಾನು ಕೆಲ್ಸ ಕೇಳ್ಲಿಲ್ವಲ್ಲಮ್ಮ" ಎಂದರು.

"ಗೊತ್ತು ಮಾವ."

"ಅವನಿಗೆ ಅವತ್ತೇ ಗೊತ್ತಿತ್ತಾ?"

"ಹೂಂ. ನಿಮಗೆ ನೋವಾಗತ್ತೆ ಅಂತ ಹೇಳ್ಲಿಲ್ಲ."

ಕಾಫಿ ಆರುತ್ತಿತ್ತು. ಮಾವ ಲೋಟವನ್ನು ಮುಟ್ಟಲಿಲ್ಲ. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವರು ಒಂದಿಷ್ಟೂ ಕೋಪವಿಲ್ಲದೆ ಕೇಳಿದರು:

"ಇಂಟರ್‌ವ್ಯೂನಲ್ಲಿ ತಂದೆ ಏನ್ಮಾಡ್ತಾರೆ ಅಂತ ಕೇಳ್ತಾರಲ್ವಾ? ತೀರ್ಕೊಂಡ್ರು ಅಂತ ಹೇಳ್ಬಿಡಕ್ಕೆ ಹೇಳಮ್ಮ ಅವನಿಗೆ."